ಗೊತ್ತಿಲ್ಲದ್ದರ ಜೊತೆಗೂ ರೋಗಿಯ ಜೊತೆಗೂ: ವೈದ್ಯ ವಿದ್ಯಾರ್ಥಿಯ ಮನಸ್ಸು ಹದಗೊಳ್ಳುವ ಬಗೆ

ವಾರ್ಡಿನಲ್ಲಿ ಒಂದು ಹಾಸಿಗೆಯ ಸುತ್ತ ಏಳು ವಿದ್ಯಾರ್ಥಿಗಳು ನಿಂತಿರುತ್ತಾರೆ. ಪ್ರಾಧ್ಯಾಪಕರು ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಎರಡು ಬಡಿತಗಳ ನಡುವೆ ಮೆಲ್ಲಗೆ ಊದಿದಂಥ ಸದ್ದೊಂದಿದೆ, ಅದೇ ಮರ್ಮರ್, ಎಲ್ಲರೂ ಕೇಳಿ ಎಂದು ಪಕ್ಕಕ್ಕೆ ಸರಿಯುತ್ತಾರೆ. ಒಬ್ಬೊಬ್ಬರಾಗಿ ಬಾಗುತ್ತಾರೆ. "ಕೇಳಿಸಿತೇ?" "ಕೇಳಿಸಿತು ಸರ್." ನಾಲ್ಕನೆಯವಳಿಗೆ ಹೃದಯದ ಬಡಿತ ಬಿಟ್ಟರೆ ಬೇರೇನೂ ಕೇಳಿಸಿಲ್ಲ. ಹಿಂದೆ ಮೂವರು ಕಾಯುತ್ತಿದ್ದಾರೆ, ಮುಂದೆ ಹೋದ ಮೂವರೂ ತಲೆಯಾಡಿಸಿದ್ದಾರೆ. ಅವಳೂ ಹೇಳುತ್ತಾಳೆ, "ಕೇಳಿಸಿತು ಸರ್."

ಅವಳಿಗೆ ಏಕೆ ಕೇಳಿಸಲಿಲ್ಲ? ಕಿವಿ ಇನ್ನೂ ಪಳಗಿಲ್ಲದಿರಬಹುದು. ಸದ್ದೇ ಅಷ್ಟು ಕ್ಷೀಣವಿರಬಹುದು. ಪ್ರಾಧ್ಯಾಪಕರೇ ಅರ್ಧ ಊಹೆಯ ಮೇಲೆ ಹೇಳಿರಬಹುದು. ಈ ಮೂರರಲ್ಲಿ ಯಾವುದು ಎಂದು ತಿಳಿಯುವ ದಾರಿ ಅವಳ ಬಳಿ ಇಲ್ಲ, ಕೇಳುವ ಧೈರ್ಯವೂ ಇಲ್ಲ. ಅದೇ ಹೊತ್ತಿಗೆ, ಅಂಗಿ ಬಿಚ್ಚಿ ಕುಳಿತ ಮನುಷ್ಯನ ಎದೆಯನ್ನು ಅಪರಿಚಿತರು ಸಾಲಾಗಿ ಮುಟ್ಟಿ ಹೋಗುತ್ತಿದ್ದಾರೆ. ಅವನ ಕಿವಿಗೆ ‘ಮರ್ಮರ್’ ಎಂಬ ಗೊತ್ತಿಲ್ಲದ ಪದವೊಂದು ಬಿದ್ದಿದೆ. ಅದು ಜೀವ ತೆಗೆಯುವಂಥದ್ದೋ ಏನೋ ಎಂದು ಅವನು ಒಂದೊಂದೇ ಮುಖವನ್ನು ಹುಡುಕುತ್ತಿದ್ದಾನೆ. ಅವನತ್ತ ಯಾರೂ ನೋಡುವುದಿಲ್ಲ; ಎಲ್ಲರ ಕಣ್ಣೂ ಪ್ರಾಧ್ಯಾಪಕರ ಮೇಲೆ.

ವೈದ್ಯ ಶಿಕ್ಷಣದ ಕುರಿತು ಬರೆಯುವವರು ಈ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತಾರೆ. ಖಚಿತವಾಗಿ ಗೊತ್ತಿಲ್ಲದ ಸ್ಥಿತಿಯನ್ನು ತಾಳಿಕೊಳ್ಳುವುದು ಒಂದು ಕಡೆ, ರೋಗಿಯ ಸಂಕಟವನ್ನು ಅವನ ಜಾಗದಲ್ಲಿ ನಿಂತು ಅರಿಯುವ ಪರಾನುಭೂತಿ ಇನ್ನೊಂದು ಕಡೆ. ಮೊದಲನೆಯದನ್ನು ಸಂಖ್ಯಾಶಾಸ್ತ್ರ ಹೇಳುವವರಿಗೆ, ಎರಡನೆಯದನ್ನು ಸಂವಹನ ಕಲಿಸುವವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ನನಗೆ ಇವು ಒಂದೇ ಬೇರಿನವು ಎನ್ನಿಸುತ್ತದೆ. ಎರಡೂ ಕೇಳುವುದು ಒಂದನ್ನೇ: ಇನ್ನೂ ಇತ್ಯರ್ಥವಾಗದ ಕ್ಷಣದಲ್ಲಿ, ಅದನ್ನು ಬೇಗ ಮುಗಿಸಿಬಿಡುವ ಆತುರವಿಲ್ಲದೆ, ಸ್ವಲ್ಪ ಹೊತ್ತು ನಿಲ್ಲುವುದು. ಎರಡೂ ಕೆಡುವುದು ಆ ಆತುರದಿಂದಲೇ.

ಮೂರು ಬಗೆಯ ‘ಗೊತ್ತಿಲ್ಲ’

1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೆನೀ ಫಾಕ್ಸ್ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳನ್ನು ಹತ್ತಿರದಿಂದ ಗಮನಿಸಿ, 1957ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಈ ವಿಷಯದ ಚರ್ಚೆ ಇವತ್ತಿಗೂ ಅಲ್ಲಿಂದಲೇ ಶುರುವಾಗುತ್ತದೆ. ವಿದ್ಯಾರ್ಥಿ ಮೂರು ಬಗೆಯ ಅನಿಶ್ಚಯವನ್ನು ಎದುರಿಸುತ್ತಾನೆ ಎಂದು ಅವರು ಗುರುತಿಸಿದರು. ಮೊದಲನೆಯದು, ಇರುವ ಜ್ಞಾನವನ್ನೆಲ್ಲ ತಾನು ಇನ್ನೂ ಅರಗಿಸಿಕೊಂಡಿಲ್ಲ ಎಂಬುದು. ಓದಿದಷ್ಟೂ ಮುಗಿಯದ ಪಠ್ಯದ ಭಾರ ಇದು. ಯಾವ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು, ವೈದ್ಯಶಾಸ್ತ್ರಕ್ಕೇ ಇನ್ನೂ ತಿಳಿಯದೆ ಉಳಿದದ್ದು. ಒಂದೇ ಕಾಯಿಲೆ, ಒಂದೇ ಔಷಧ, ಒಂದೇ ವಯಸ್ಸು ಇದ್ದರೂ ಒಬ್ಬ ಗುಣವಾಗುತ್ತಾನೆ, ಇನ್ನೊಬ್ಬ ಆಗುವುದಿಲ್ಲ; ಏಕೆಂದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಮೂರನೆಯದು ಸೂಕ್ಷ್ಮವಾದದ್ದು: ಮೊದಲೆರಡರಲ್ಲಿ ಇದು ಯಾವುದು ಎಂದು ಬೇರ್ಪಡಿಸಲಾಗದಿರುವುದು. ಮರ್ಮರ್ ಕೇಳಿಸದ ವಿದ್ಯಾರ್ಥಿನಿಯ ಪಾಡು ಇದೇ. ತಪ್ಪು ತನ್ನದೋ, ಶಾಸ್ತ್ರದ ಮಿತಿಯೋ? ಮೊದಮೊದಲು ವಿದ್ಯಾರ್ಥಿಗಳು ಎಲ್ಲವನ್ನೂ ತಮ್ಮ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾರೆ. ಗೊತ್ತಿಲ್ಲದ್ದೆಲ್ಲ ತಾನು ಓದದೇ ಬಿಟ್ಟದ್ದು ಎಂದುಕೊಂಡವನಿಗೆ ‘ಗೊತ್ತಿಲ್ಲ’ ಎನ್ನುವುದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ, ಆದ್ದರಿಂದ ಮುಚ್ಚಿಡುತ್ತಾನೆ. ಇದರ ತದ್ವಿರುದ್ಧ ತುದಿಯೂ ಉಂಟು. ಕೆಲವು ವರ್ಷ ಕಳೆದ ಮೇಲೆ, ತನ್ನ ಅಜ್ಞಾನವನ್ನೆಲ್ಲ ಶಾಸ್ತ್ರದ ಲೆಕ್ಕಕ್ಕೆ ಬರೆದು "ಇಂಥದ್ದನ್ನೆಲ್ಲ ಹೇಳಲಾಗುವುದಿಲ್ಲ" ಎಂದು ಕೈ ಕೊಡವಿಬಿಡುವ ವೈದ್ಯ ಅಲ್ಲಿರುತ್ತಾನೆ. ರೋಗಿಗೆ ಇಬ್ಬರಿಂದಲೂ ಅಪಾಯವೇ.

ಬೇರ್ಪಡಿಸುವ ಕಲೆ ಪುಸ್ತಕದಿಂದ ಬರುವುದಿಲ್ಲ. ಅನುಭವಿ ವೈದ್ಯರು ರೋಗಿಯ ಮುಂದೆ ನಿಂತು ಯೋಚಿಸುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು: "ಇದು ನನಗೆ ಈಗ ನೆನಪಿಲ್ಲ, ನೋಡಿ ಹೇಳುತ್ತೇನೆ. ಆದರೆ ಅದು ಯಾರಿಗೂ ಗೊತ್ತಿಲ್ಲ, ಅದಕ್ಕಾಗಿ ಹುಡುಕಬೇಡಿ." ಇಷ್ಟು ಕೇಳಿಸಿಕೊಂಡ ವಿದ್ಯಾರ್ಥಿ ಒಂದು ಇಡೀ ತರಗತಿಯಲ್ಲಿ ಸಿಗದ್ದನ್ನು ಕಲಿಯುತ್ತಾನೆ. ತೊಂದರೆಯೆಂದರೆ, ಹಿರಿಯರ ಯೋಚನೆ ಸಾಮಾನ್ಯವಾಗಿ ತಲೆಯೊಳಗೇ ನಡೆದು ತೀರ್ಮಾನ ಮಾತ್ರ ಹೊರಗೆ ಬರುತ್ತದೆ. ತೀರ್ಮಾನ ಮಾತ್ರ ಕೇಳಿಸಿಕೊಂಡವನಿಗೆ ಹಿರಿಯರಿಗೆ ಸಂದೇಹವೇ ಬರುವುದಿಲ್ಲ ಎನ್ನಿಸುತ್ತದೆ. ಆಮೇಲೆ ಸಂದೇಹ ಬಂದಾಗಲೆಲ್ಲ ತಾನು ಈ ವೃತ್ತಿಗೆ ತಕ್ಕವನಲ್ಲವೇನೋ ಎಂದು ಒಳಗೊಳಗೇ ಕುಗ್ಗುತ್ತಾನೆ.

ಅರಿಯುವುದು, ಮುಳುಗುವುದು

ಪರಾನುಭೂತಿಯ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಹಳೆಯದು. ಅದೊಂದು ಹುಟ್ಟುಗುಣ, ಕೆಲವರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ ಎಂಬುದು. ಬಿಡಿಸಿ ನೋಡಿದರೆ ಅದರಲ್ಲಿ ಮೂರು ಕೆಲಸಗಳಿವೆ. ರೋಗಿಗೆ ಏನಾಗುತ್ತಿದೆ ಎಂದು ಅವನ ದಿಕ್ಕಿನಿಂದ ಊಹಿಸಿ ಅರಿಯುವುದು. ಅದಕ್ಕೆ ಮನಸ್ಸು ಮಿಡಿಯುವುದು. ಅರಿತದ್ದು ಸರಿಯೇ ಎಂದು ಅವನನ್ನೇ ಕೇಳಿ, ಅರಿತಿದ್ದೇನೆಂದು ಅವನಿಗೆ ತಿಳಿಯುವಂತೆ ಮಾಡುವುದು. ಮಿಡಿತ ಬಹುತೇಕ ಎಲ್ಲ ವಿದ್ಯಾರ್ಥಿಗಳಲ್ಲೂ ಇರುತ್ತದೆ. ಮೊದಲ ಸಾವನ್ನು ಕಂಡ ದಿನ ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು ಅಳುವವರು ಕಡಿಮೆಯಿಲ್ಲ. ಕೊರತೆ ಬೀಳುವುದು ಮೂರನೆಯದರಲ್ಲಿ. ಒಳಗೆ ಎಷ್ಟು ಮರುಗಿದರೂ ಮುಖ ಕಲ್ಲಿನಂತಿದ್ದರೆ ರೋಗಿಗೆ ತಲುಪುವುದು ಕಲ್ಲೇ.

ಮುಖವನ್ನು ಕಲ್ಲು ಮಾಡಿಕೊಳ್ಳುವ ಸಂಪ್ರದಾಯಕ್ಕೂ ಒಂದು ಚರಿತ್ರೆಯಿದೆ. 1889ರಲ್ಲಿ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪದವೀಧರರ ಮುಂದೆ ಮಾತನಾಡುತ್ತ, ವೈದ್ಯನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಿಚಲಿತನಾಗದ ಸಮಚಿತ್ತ ಎಂದರು. ಆ ಮಾತು ಪೀಳಿಗೆಯಿಂದ ಪೀಳಿಗೆಗೆ ದಾಟುತ್ತ ‘ಭಾವನೆ ತೋರಿಸಬೇಡ’ ಎಂಬ ಅಪ್ಪಣೆಯಾಗಿ ಗಟ್ಟಿಯಾಯಿತು. 1963ರಲ್ಲಿ ಹೆರಾಲ್ಡ್ ಲೀಫ್ ಮತ್ತು ಅದೇ ರೆನೀ ಫಾಕ್ಸ್, ವಿದ್ಯಾರ್ಥಿಗಳು ಶವಪರೀಕ್ಷೆಯಂಥ ಸನ್ನಿವೇಶಗಳಲ್ಲಿ ಕಾಳಜಿಯನ್ನೂ ಅಂತರವನ್ನೂ ಒಟ್ಟಿಗೆ ಕಾಯ್ದುಕೊಳ್ಳಲು ಹೇಗೆ ಕಲಿಯುತ್ತಾರೆ ಎಂದು ವಿವರಿಸಿದರು. ಅವರು ಹೇಳಿದ್ದು ಎರಡರ ಸಮತೋಲ. ವಾರ್ಡುಗಳಲ್ಲಿ ಉಳಿದದ್ದು ಹೆಚ್ಚಾಗಿ ಅಂತರವೇ.

ಅಂತರ ಪೂರಾ ಬೇಡವೆಂದಲ್ಲ. ತೈವಾನಿನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ದೇಹಕ್ಕೆ ಸೂಜಿ ಚುಚ್ಚುವ ದೃಶ್ಯಗಳನ್ನು ಸಾಮಾನ್ಯ ಜನರಿಗೂ ಆಕ್ಯುಪಂಕ್ಚರ್ ವೈದ್ಯರಿಗೂ ತೋರಿಸಿ ಮಿದುಳಿನ ಚಟುವಟಿಕೆಯನ್ನು ಅಳೆದರು. ಸಾಮಾನ್ಯರಲ್ಲಿ ತಮಗೇ ನೋವಾದಾಗ ಚುರುಕಾಗುವ ಭಾಗಗಳು ಎದ್ದು ಕಂಡವು. ವೈದ್ಯರಲ್ಲಿ ಅವು ಹಾಗೆ ಎದ್ದು ಕಾಣಲಿಲ್ಲ. ಬದಲಿಗೆ ಭಾವನೆಯನ್ನು ಹತೋಟಿಯಲ್ಲಿಡುವುದಕ್ಕೆ ಸಂಬಂಧಿಸಿದ ಭಾಗಗಳು ಕೆಲಸ ಮಾಡುತ್ತಿದ್ದವು. ದಿನವಿಡೀ ಸೂಜಿ ಹಿಡಿಯುವವನಿಗೆ ಪ್ರತಿ ಚುಚ್ಚಿಗೂ ತನಗೇ ನೋವಾದರೆ ಅವನು ಸಂಜೆಯವರೆಗೆ ನಿಲ್ಲಲಾರ. ಮಿಡಿತದ ಅಬ್ಬರ ತಗ್ಗುವುದು ಸಹಜ, ಅಗತ್ಯ ಕೂಡ. ಅಬ್ಬರ ತಗ್ಗಿದಾಗ ಮಿಕ್ಕ ಗಮನ ಎಲ್ಲಿಗೆ ಹೋಗುತ್ತದೆ, ರೋಗಿಯ ಮುಖದ ಕಡೆಗೋ ಕೇಸ್ ಶೀಟಿನ ಕಡೆಗೋ, ಎಂಬುದೇ ನಿಜವಾದ ಪ್ರಶ್ನೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಅವರ ಪ್ರಯೋಗಗಳು ಇಲ್ಲಿ ನೆರವಿಗೆ ಬರುತ್ತವೆ. ‘ಈ ಸ್ಥಿತಿಯಲ್ಲಿ ನಾನಿದ್ದಿದ್ದರೆ’ ಎಂದು ಕಲ್ಪಿಸಿಕೊಂಡವರಲ್ಲಿ ಕಾಳಜಿಯ ಜೊತೆಗೆ ಸ್ವಂತ ತಳಮಳವೂ ಏರಿತು. ‘ಈ ಸ್ಥಿತಿಯಲ್ಲಿ ಇವರಿಗೆ ಹೇಗಿರಬಹುದು’ ಎಂದು ಕಲ್ಪಿಸಿಕೊಂಡವರಲ್ಲಿ ಕಾಳಜಿ ಎದ್ದುಕಂಡಿತು, ತಳಮಳ ಅಷ್ಟಿರಲಿಲ್ಲ. ತಳಮಳಗೊಂಡವನು ತನ್ನನ್ನು ಸಮಾಧಾನಪಡಿಸಿಕೊಳ್ಳಲು ನೋಡುತ್ತಾನೆ. ಆ ಕೋಣೆಯಿಂದ ಹೊರಗೆ ಹೋಗುವುದು ಅದಕ್ಕೆ ಅತಿ ಸುಲಭವಾದ ದಾರಿ. "ರೋಗಿಯ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ" ಎಂಬ ಎಂದಿನ ಉಪದೇಶ ಅರ್ಧ ಮಾತ್ರ ಸರಿ ಎನ್ನುವುದು ಇದಕ್ಕೇ. ಇಪ್ಪತ್ತೆರಡು ವರ್ಷದ ಆರೋಗ್ಯವಂತ ವಿದ್ಯಾರ್ಥಿ ತನ್ನನ್ನು ಎಪ್ಪತ್ತರ ಅಜ್ಜಿಯ ಜಾಗದಲ್ಲಿ ಇಟ್ಟುಕೊಂಡರೆ ಅಲ್ಲಿ ಕಾಣುವುದು ಇಪ್ಪತ್ತೆರಡರ ಹೆದರಿಕೆಯೇ. ಅಜ್ಜಿಗೆ ಏನು ಹೆದರಿಕೆ ಎಂದು ಅಜ್ಜಿಯನ್ನೇ ಕೇಳಬೇಕು. ಅಂದರೆ, ಇನ್ನೊಬ್ಬರ ಮನಸ್ಸು ನನಗೆ ಗೊತ್ತಿಲ್ಲ ಎಂಬ ಅನಿಶ್ಚಯವನ್ನು ಒಪ್ಪದೆ ಪರಾನುಭೂತಿ ಆರಂಭವೇ ಆಗುವುದಿಲ್ಲ.

ಮೂರನೆಯ ವರ್ಷ

ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಂಗಡಿಗರು 20 ಹೇಳಿಕೆಗಳ ಮಾಪನವೊಂದನ್ನು ರೂಪಿಸಿ, 2002 ಮತ್ತು 2004ರಲ್ಲಿ ಸೇರಿದ 456 ವಿದ್ಯಾರ್ಥಿಗಳ ಪರಾನುಭೂತಿಯನ್ನು ವರ್ಷ ವರ್ಷವೂ ಅಳೆದರು. ಮೊದಲೆರಡು ವರ್ಷ ಅಂಕಗಳು ಹೆಚ್ಚು ಕದಲಲಿಲ್ಲ. ಮೂರನೆಯ ವರ್ಷದ ಕೊನೆಗೆ ಗಮನಾರ್ಹವಾಗಿ ಕುಸಿದವು, ಪದವಿಯವರೆಗೂ ಮೇಲೇಳಲಿಲ್ಲ. ಅಮೆರಿಕದಲ್ಲಿ ಮೂರನೆಯ ವರ್ಷವೆಂದರೆ ವಿದ್ಯಾರ್ಥಿ ಪುಸ್ತಕ ಬಿಟ್ಟು ವಾರ್ಡಿಗೆ ಕಾಲಿಡುವ ವರ್ಷ. ರೋಗಿಗಳನ್ನು ನೋಡಲು ಶುರುಮಾಡಿದಾಗಲೇ ರೋಗಿಗಳ ಮೇಲಿನ ಮಮತೆ ಕುಗ್ಗುತ್ತದೆ! 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಬಹಳ ಸದ್ದು ಮಾಡಿತು.

ಮಾರನೆಯ ವರ್ಷವೇ ಜೆರ್ರಿ ಕಾಲಿವರ್ ಮತ್ತಿತರರು ಇಂಥ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿ, ಕುಸಿತದ ಪ್ರಮಾಣ ತೀರಾ ಅಲ್ಪ, ಅದನ್ನು ಅತಿಯಾಗಿ ಹಿಗ್ಗಿಸಲಾಗಿದೆ ಎಂದು ಆಕ್ಷೇಪಿಸಿದರು. ಈ ಮಾಪನಗಳಲ್ಲಿ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ ಎಂಬುದೂ ನೆನಪಿನಲ್ಲಿರಬೇಕು. ಮೊದಲ ವರ್ಷ ಎಲ್ಲ ಹೇಳಿಕೆಗೂ ಉತ್ಸಾಹದಿಂದ ಪೂರ್ಣ ಅಂಕ ಕೊಟ್ಟವನು ಮೂರನೆಯ ವರ್ಷ ಸ್ವಲ್ಪ ಕಡಿಮೆ ಕೊಟ್ಟರೆ, ಅವನು ಒರಟಾದನೋ ಪ್ರಾಮಾಣಿಕನಾದನೋ ಹೇಳುವುದು ಕಷ್ಟ. ಹಾಗೆಂದು ಇಡೀ ಸಂಗತಿಯನ್ನು ತಳ್ಳಿಹಾಕುವಂತಿಲ್ಲ. ವಾರ್ಡಿನಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ, ಹೆಸರಿನಿಂದ ಕರೆಯುತ್ತಿದ್ದ ರೋಗಿಯನ್ನು ಬೆಡ್ ನಂಬರಿನಿಂದ ಕರೆಯತೊಡಗುವ ಆ ಹೊರಳುವಿಕೆಯನ್ನು ಗುರುತಿಸುತ್ತಾರೆ.

ಅದನ್ನು ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. 1994ರಲ್ಲಿ ಫ್ರೆಡರಿಕ್ ಹ್ಯಾಫರ್ಟಿ ಮತ್ತು ರೊನಾಲ್ಡ್ ಫ್ರ್ಯಾಂಕ್ಸ್ ಇದನ್ನು ಮರೆಯಲ್ಲಿರುವ ಪಠ್ಯಕ್ರಮ ಎಂದು ವಿವರಿಸಿದರು. ತರಗತಿಯಲ್ಲಿ ‘ರೋಗಿಯ ಮಾತು ಪೂರ್ತಿ ಕೇಳಿ’ ಎಂಬ ಪಾಠ. ಹಿರಿಯ ವೈದ್ಯರು ವಾರ್ಡು ಸುತ್ತುವ ರೌಂಡ್ಸಿನಲ್ಲಿ, ರೋಗಿಯ ಮಗಳು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿದ್ದಾಳೆ ಎಂದು ವಿದ್ಯಾರ್ಥಿ ಹೇಳಹೊರಟರೆ, "ಅದಿರಲಿ, ಪೊಟ್ಯಾಸಿಯಂ ಎಷ್ಟು?" ಎಂಬ ಪ್ರಶ್ನೆ. ಎರಡನ್ನೂ ಕೇಳಿಸಿಕೊಂಡ ವಿದ್ಯಾರ್ಥಿಗೆ ಯಾವುದಕ್ಕೆ ಬೆಲೆ ಎಂದು ತಿಳಿಯಲು ತಡವಾಗುವುದಿಲ್ಲ. ಗಟ್ಟಿಯಾಗಿ, ನಿಲ್ಲದೆ, ಅಂಕಿಗಳನ್ನು ಹೇಳಿದವನು ಜಾಣ. "ಖಚಿತವಿಲ್ಲ ಸರ್" ಎಂದವನು ಓದಿಲ್ಲದವನು. ನಿದ್ದೆಗೆಟ್ಟ ರಾತ್ರಿ ಪಾಳಿ, ಕೈಗೆ ಮೀರಿದ ಕೆಲಸ ಇದಕ್ಕೆ ಸೇರಿದರೆ ಕೇಳುವುದೇ ಬೇಡ. ತನ್ನನ್ನೇ ಯಾರೂ ವಿಚಾರಿಸದ ಇಂಟರ್ನ್ ಬೇರೆಯವರನ್ನು ವಿಚಾರಿಸಿಕೊಳ್ಳಲಿ ಎಂದು ನಿರೀಕ್ಷಿಸುವುದು ಅತಿಯಾಯಿತು.

ಹದಿನೆಂಟು ಸೆಕೆಂಡು

ವಿದ್ಯಾರ್ಥಿಯೊಬ್ಬ ರೋಗಿಯ ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ, ಬರೆದುಕೊಳ್ಳುತ್ತಿದ್ದಾನೆ ಎಂದುಕೊಳ್ಳಿ. ಐವತ್ತೆರಡರ ಹೆಂಗಸು, ಮೂರು ವಾರದಿಂದ ಹೊಟ್ಟೆನೋವು.

"ನೋವು ಯಾವಾಗ ಹೆಚ್ಚು, ಅಮ್ಮಾ?"

"ರಾತ್ರಿ ಡಾಕ್ಟರೇ. ನಮ್ಮಕ್ಕನಿಗೂ ಹೀಗೇ ಶುರುವಾಗಿತ್ತು, ಆರು ತಿಂಗಳಿಗೆ..."

"ಸರಿ ಅಮ್ಮಾ. ವಾಂತಿ ಇದೆಯೇ?"

ಅವನು ಕೆಟ್ಟವನಲ್ಲ. ಪಟ್ಟಿಯಲ್ಲಿ ಮುಂದಿನ ಪ್ರಶ್ನೆ ವಾಂತಿ. ಅಕ್ಕನ ಕಥೆಯನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ. ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ಆಕೆ ಆ ವಾಕ್ಯವನ್ನು ಮುಗಿಸಿದರೆ ಮುಂದಿನದು "ನನಗೂ ಕ್ಯಾನ್ಸರೇ?" ಎಂಬ ಪ್ರಶ್ನೆ. ಅದಕ್ಕೆ ಅವನ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆ ಹೊರಬರದಂತೆ ಅವನು ಬಾಗಿಲು ಹಾಕಿದ. ಹೊರಗಿನಿಂದ ನೋಡುವವರಿಗೆ ಇದು ಪರಾನುಭೂತಿಯ ಕೊರತೆ. ಒಳಗೆ ಕೆಲಸ ಮಾಡಿದ್ದು ಅನಿಶ್ಚಯದ ಭಯ. ಸ್ವಲ್ಪ ಮೃದು ಸ್ವಭಾವದ ಇನ್ನೊಬ್ಬ ವಿದ್ಯಾರ್ಥಿ "ಏನೂ ಆಗುವುದಿಲ್ಲ, ಹೆದರಬೇಡಿ ಅಮ್ಮಾ" ಎನ್ನುತ್ತಿದ್ದ. ಕೇಳಲು ಹಿತ. ಆದರೆ ಅದೂ ಬಾಗಿಲು ಹಾಕುವ ಮಾತೇ. ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲವೆಂದು ಆಕೆಗೂ ಗೊತ್ತು. ಇನ್ನು ಆಕೆ ತನ್ನ ಭಯವನ್ನು ಅವನಿಗೆ ಹೇಳುವುದಿಲ್ಲ.

1984ರಲ್ಲಿ ಹವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ 74 ಭೇಟಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕಹಾಕಿದರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಮೊದಲ ಮಾತನ್ನು ಪೂರ್ತಿ ಮುಗಿಸಲು ಅವಕಾಶ ಸಿಕ್ಕಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಬಿಟ್ಟರೆ ರೋಗಿ ಮುಗಿಸುವುದೇ ಇಲ್ಲ ಎಂದು ವೈದ್ಯರು ಹೇಳುವುದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಅದನ್ನೂ ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವೈದ್ಯರು ತಡೆಯದೆ ಕೇಳಿದರು, ಗುಟ್ಟಾಗಿ ಸಮಯ ಅಳೆಯಲಾಯಿತು. 335 ರೋಗಿಗಳು ಸರಾಸರಿ ಮಾತನಾಡಿದ್ದು 92 ಸೆಕೆಂಡು. ಐದು ನಿಮಿಷ ದಾಟಿದವರು ಏಳೇ ಜನ. ಸಮಯದ ಅಭಾವ ಎಂಬ ಸಬೂಬಿನಲ್ಲಿ ನಿಜವಿದೆ, ಆದರೆ ನಾವು ಹೇಳಿಕೊಳ್ಳುವಷ್ಟು ಅಲ್ಲ.

ಇದೆಲ್ಲ ಬರೀ ಸೌಜನ್ಯದ ವಿಚಾರ ಎನ್ನುವವರಿಗೆ ಒಂದು ಅಂಕಿಅಂಶ. ಹೋಜತ್ ಅವರ ತಂಡವೇ 29 ಕುಟುಂಬ ವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿದ್ದ 891 ಸಕ್ಕರೆ ಕಾಯಿಲೆಯವರ ದಾಖಲೆಗಳನ್ನು ನೋಡಿ 2011ರಲ್ಲಿ ವರದಿ ಮಾಡಿತು. ಪರಾನುಭೂತಿಯ ಮಾಪನದಲ್ಲಿ ಹೆಚ್ಚು ಅಂಕ ಪಡೆದ ವೈದ್ಯರ ರೋಗಿಗಳಲ್ಲಿ ಶೇ. 56 ಮಂದಿಗೆ ಸಕ್ಕರೆ ಚೆನ್ನಾಗಿ ಹತೋಟಿಯಲ್ಲಿತ್ತು. ಕಡಿಮೆ ಅಂಕದವರ ರೋಗಿಗಳಲ್ಲಿ ಶೇ. 40 ಮಂದಿಗೆ. ಇದರಿಂದ ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಧಿಸಿದಂತಾಗುವುದಿಲ್ಲ. ಆದರೆ ಮನಬಿಚ್ಚಿ ಮಾತನಾಡುವ ರೋಗಿ ತಾನು ಮಾತ್ರೆ ಬಿಟ್ಟದ್ದನ್ನೂ ಹೇಳುತ್ತಾನೆ, ಬೈಗುಳಕ್ಕೆ ಹೆದರುವವನು ಹೇಳುವುದಿಲ್ಲ. ನಂಟು ಎಲ್ಲಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅನಿಶ್ಚಯಕ್ಕೂ ಲೆಕ್ಕವಿದೆ

ಅನಿಶ್ಚಯವನ್ನು ತಾಳಿಕೊಳ್ಳುವುದು ಕೇವಲ ಮನಸ್ಸಿನ ಗಟ್ಟಿತನ ಎಂದುಕೊಂಡರೆ ಅರ್ಧ ಪಾಠ ತಪ್ಪುತ್ತದೆ. ಅದರಲ್ಲಿ ಗಣಿತವೂ ಇದೆ. 1978ರಲ್ಲಿ ಹಾರ್ವರ್ಡ್‌ನ ಬೋಧನಾ ಆಸ್ಪತ್ರೆಗಳಲ್ಲಿ 60 ಮಂದಿ ವಿದ್ಯಾರ್ಥಿ ಮತ್ತು ವೈದ್ಯರಿಗೆ ಒಂದು ಪ್ರಶ್ನೆ ಕೇಳಿದರು: ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಅದನ್ನು ಪತ್ತೆಹಚ್ಚುವ ಪರೀಕ್ಷೆ ಕಾಯಿಲೆ ಇಲ್ಲದವರಲ್ಲೂ ಶೇ. 5 ಮಂದಿಗೆ ‘ಪಾಸಿಟಿವ್’ ಎನ್ನುತ್ತದೆ. ಲಕ್ಷಣಗಳ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂದರೆ ಅವರಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಶೇ. 95 ಎಂದರು. ಸರಿಯುತ್ತರ ಕೊಟ್ಟವರು 11 ಮಂದಿ. ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ರೋಗಿ ಒಬ್ಬ. ರೋಗವಿಲ್ಲದೆಯೂ ಪಾಸಿಟಿವ್ ಬರುವವರು ಸುಮಾರು 50. ಅಂದರೆ 51ರಲ್ಲಿ ಒಬ್ಬನಿಗೆ ಕಾಯಿಲೆ, ಶೇ. 2ರ ಆಸುಪಾಸು.

ಶೇ. 95 ಎಂದು ನಂಬಿದ ವೈದ್ಯ ಎದುರಿಗಿರುವವರ ಮುಖದಲ್ಲಿ ರೋಗವನ್ನು ಕಾಣುತ್ತಾನೆ, ಅದೇ ದನಿಯಲ್ಲಿ ಸುದ್ದಿ ಹೇಳುತ್ತಾನೆ. ಶೇ. 2 ಎಂದು ತಿಳಿದವನ ದನಿಯೇ ಬೇರೆ. ಸುದ್ದಿ ತಿಳಿಸುವ ಕಲೆಯನ್ನು ಎಷ್ಟೇ ಅಭ್ಯಾಸ ಮಾಡಿಸಿದರೂ ಈ ಲೆಕ್ಕ ಬಾರದವನು ಇಲ್ಲದ ರೋಗಕ್ಕೆ ಅಚ್ಚುಕಟ್ಟಾಗಿ ಸಾಂತ್ವನ ಹೇಳುತ್ತಾನೆ.

ಇದಕ್ಕೆ ಜೋಡಿಯಾಗಿ ಬರುವುದು 1980ರಲ್ಲಿ ಸ್ಟೀಫನ್ ಪಾಕರ್ ಮತ್ತು ಜೆರೋಮ್ ಕ್ಯಾಸಿರರ್ ಮುಂದಿಟ್ಟ ಹೊಸ್ತಿಲಿನ ವಿಚಾರ. ರೋಗವಿರುವ ಸಾಧ್ಯತೆ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಪರೀಕ್ಷೆಯೂ ಬೇಡ, ಚಿಕಿತ್ಸೆಯೂ ಬೇಡ. ಇನ್ನೊಂದು ಮಟ್ಟಕ್ಕಿಂತ ಮೇಲಿದ್ದರೆ ಪರೀಕ್ಷೆಗೆ ಕಾಯದೆ ಚಿಕಿತ್ಸೆ ಶುರುಮಾಡಬಹುದು. ಪರೀಕ್ಷೆ ಬೇಕಾಗುವುದು ಇವೆರಡರ ನಡುವೆ, ಫಲಿತಾಂಶ ನಮ್ಮ ನಿರ್ಧಾರವನ್ನು ಬದಲಿಸುವಂತಿದ್ದಾಗ ಮಾತ್ರ. ಈ ಹೊಸ್ತಿಲುಗಳು ಎಲ್ಲಿರಬೇಕು ಎಂಬುದು ಚಿಕಿತ್ಸೆಯಿಂದಾಗುವ ಲಾಭ ಎಷ್ಟು, ಹಾನಿ ಎಷ್ಟು ಎಂಬುದರ ಮೇಲೆ ನಿಂತಿದೆ. ವಿದ್ಯಾರ್ಥಿಗೆ ಇದು ದೊಡ್ಡ ಬಿಡುಗಡೆ. ಖಚಿತವಾದ ಮೇಲೆಯೇ ಹೆಜ್ಜೆ ಇಡಬೇಕೆಂಬುದು ಅವನ ತಲೆಯೊಳಗಿನ ಕಾನೂನಾಗಿರುತ್ತದೆ. ಪೂರ್ತಿ ಖಚಿತವಾಗದೆಯೂ ಸರಿಯಾದ ಹೆಜ್ಜೆ ಇಡಬಹುದು, ಇಡದಿರುವುದೂ ಸರಿಯಾದ ಹೆಜ್ಜೆಯಾಗಬಹುದು ಎಂದು ತಿಳಿದಾಗ, ತನ್ನ ಕಳವಳ ತಗ್ಗಿಸಿಕೊಳ್ಳಲು ಇನ್ನೊಂದು ಸ್ಕ್ಯಾನ್ ಬರೆಯುವ ಚಟ ಸಡಿಲವಾಗುತ್ತದೆ. ಆ ಸ್ಕ್ಯಾನಿನಲ್ಲಿ ಕಾಣುವ ಯಾವುದೋ ನಿರುಪದ್ರವಿ ಚುಕ್ಕೆ, ಅದಕ್ಕೆ ಇನ್ನೊಂದು ಸೂಜಿ ಪರೀಕ್ಷೆ, ನಡುವೆ ರೋಗಿಯ ನಿದ್ದೆಯಿಲ್ಲದ ಹದಿನೈದು ರಾತ್ರಿಗಳು: ವೈದ್ಯನ ಕಳವಳ ರೋಗಿಯ ಮೈಮೇಲೆ ಹೋಗಿ ಕೂರುವುದು ಹೀಗೆ.

ಎಲ್ಲಿ ಬೆಳೆಯುತ್ತದೆ

ಈ ಎರಡು ಗುಣಗಳೂ ಉಪನ್ಯಾಸದಲ್ಲಿ ಬೆಳೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬಹುದು. ಹಲವು ದೇಶಗಳು ಇದನ್ನು ಪಠ್ಯದೊಳಗೆ ತಂದಿವೆ. ಭಾರತದಲ್ಲಿಯೂ ವರ್ತನೆ, ನೈತಿಕತೆ, ಸಂವಹನಗಳ ಪಾಠ 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಪಾಠವನ್ನು ವಾರ್ಡು ಅಳಿಸಿಹಾಕುವಂತಿದ್ದರೆ ಗೆಲ್ಲುವುದು ವಾರ್ಡು.

ಮೊದಲ ಅವಕಾಶ ಒದಗುವುದು ಶವಛೇದನದ ಮೇಜಿನ ಬಳಿ. ಅಲ್ಲಿಯೇ ವಿದ್ಯಾರ್ಥಿ ‘ದೇಹವೆಂದರೆ ವಸ್ತು’ ಎಂದು ಕಲಿಯಬಹುದು ಅಥವಾ ಬೇರೊಂದನ್ನು ಕಲಿಯಬಹುದು. ತೈವಾನಿನ ತ್ಸು ಚಿ ವಿಶ್ವವಿದ್ಯಾಲಯದಲ್ಲಿ ದೇಹದಾನ ಮಾಡಿದವರನ್ನು ‘ಮೌನ ಗುರು’ಗಳೆಂದು ಕರೆಯುತ್ತಾರೆ. ವಿದ್ಯಾರ್ಥಿಗಳು ದಾನಿಯ ಮನೆಗೆ ಹೋಗಿ ಬಂಧುಗಳನ್ನು ಕಂಡು, ಆ ವ್ಯಕ್ತಿ ಹೇಗೆ ಬದುಕಿದ್ದರು ಎಂದು ಕೇಳಿ ಬರೆಯುತ್ತಾರೆ. ವ್ಯಾಸಂಗ ಮುಗಿದ ಮೇಲೆ ದೇಹವನ್ನು ಹೊಲಿದು, ಬಟ್ಟೆ ತೊಡಿಸಿ, ಬಂಧುಗಳೊಡನೆ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಳ್ಳುತ್ತಾರೆ. ಕಲಿಯುವ ಅಂಗರಚನೆ ಎಲ್ಲ ಕಡೆಯದ್ದೇ. ಆದರೆ ಚಾಕು ಹಿಡಿದ ಕೈಗೆ ಎದುರಿಗಿರುವ ದೇಹದ ಹೆಸರು ಗೊತ್ತಿರುತ್ತದೆ.

ವಾರ್ಡಿಗೆ ಬಂದ ಮೇಲೆ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಒಂದೇ ರೋಗಿಯನ್ನು ದೀರ್ಘಕಾಲ ಕಾಣುವುದು. ಎಂದಿನ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಕೆಲವು ವಾರ ಸರ್ಜರಿ, ಕೆಲವು ವಾರ ಮಕ್ಕಳ ವಿಭಾಗ ಎಂದು ಸುತ್ತುತ್ತಾನೆ. ರೋಗಿಯ ಕಥೆಯ ನಡುವಿನ ಒಂದು ಪುಟ ಮಾತ್ರ ಅವನ ಕಣ್ಣಿಗೆ ಬೀಳುತ್ತದೆ. ಹಾರ್ವರ್ಡ್ ವೈದ್ಯಕೀಯ ಕಾಲೇಜು ಕೇಂಬ್ರಿಜ್ ಪಟ್ಟಣದ ಆಸ್ಪತ್ರೆಯಲ್ಲಿ 2004ರಲ್ಲಿ ಇದನ್ನು ತಿರುಗಿಸಿ ನೋಡಿತು. ವಿದ್ಯಾರ್ಥಿಗಳು ಒಂದಷ್ಟು ರೋಗಿಗಳನ್ನು ವರ್ಷವಿಡೀ ಹಿಂಬಾಲಿಸುತ್ತಾರೆ: ಓಪಿಡಿಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ, ಹೆರಿಗೆಯಲ್ಲಿ, ಡಿಸ್ಚಾರ್ಜ್ ಆಗಿ ತಿರುಗಿ ಬಂದಾಗ. ಇಂಥ ವ್ಯವಸ್ಥೆಯಲ್ಲಿ ಎರಡು ಗುಣಗಳೂ ಒಟ್ಟಿಗೆ ಬೆಳೆಯುವುದು ಏಕೆಂದು ಕಾಣುವುದು ಸುಲಭ. ಹೆಸರು, ಮನೆ, ಮಗಳ ಮದುವೆಯ ಚಿಂತೆ ಗೊತ್ತಿರುವ ಮನುಷ್ಯನನ್ನು ಬೆಡ್ ನಂಬರಿನಿಂದ ಕರೆಯಲು ನಾಲಿಗೆ ಏಳುವುದಿಲ್ಲ. ಜೊತೆಗೆ, ಮಾರ್ಚಿನಲ್ಲಿ ಮಾಡಿದ ರೋಗನಿರ್ಣಯ ಜೂನ್ ಹೊತ್ತಿಗೆ ತಪ್ಪಾಗಿ, ಅಕ್ಟೋಬರಿಗೆ ಮತ್ತೊಂದಾಗಿ ಬದಲಾಗುವುದನ್ನು ಕಣ್ಣಾರೆ ಕಂಡವನಿಗೆ, ಮೊದಲ ದಿನದ ತೀರ್ಮಾನ ಒಂದು ಊಹೆ ಮಾತ್ರ ಎಂಬುದು ಮೈಗೆ ಹತ್ತುತ್ತದೆ.

ಬರೆಯಿಸುವುದೂ ಒಂದು ದಾರಿ. ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ ತಮ್ಮ ವಿದ್ಯಾರ್ಥಿಗಳಿಂದ ಕೇಸ್ ಶೀಟಿನ ಜೊತೆಗೆ ಇನ್ನೊಂದು ಸಮಾನಾಂತರ ದಾಖಲೆ ಬರೆಯಿಸಿದರು. ಆಸ್ಪತ್ರೆಯ ಕಾಗದದಲ್ಲಿ ಬರೆಯಲಾಗದ, ಆದರೆ ಎಲ್ಲಾದರೂ ಬರೆಯಲೇಬೇಕಾದ ಸಂಗತಿಗಳಿಗೆ ಅದು ಜಾಗ: ಈ ರೋಗಿಯನ್ನು ಕಂಡರೆ ನನ್ನ ಸತ್ತ ಅಜ್ಜ ನೆನಪಾಗುತ್ತಾನೆ ಎಂಬಂಥದ್ದು. ಲಂಡನ್ನಿನಲ್ಲಿ ಮೈಕೆಲ್ ಬ್ಯಾಲಿಂಟ್ 1950ರ ದಶಕದಲ್ಲಿ ಶುರುಮಾಡಿದ ವೈದ್ಯರ ಗುಂಪುಗಳ ಉದ್ದೇಶವೂ ಹತ್ತಿರದ್ದೇ. ಅಲ್ಲಿ ಚರ್ಚೆ ರೋಗದ ಬಗ್ಗೆ ಅಲ್ಲ, ಆ ರೋಗಿ ತನ್ನನ್ನು ಏಕೆ ಇಷ್ಟು ಕಾಡುತ್ತಾನೆ ಎಂಬುದರ ಬಗ್ಗೆ. ಯೇಲ್ ವಿಶ್ವವಿದ್ಯಾಲಯದ ಚರ್ಮತಜ್ಞ ಅರ್ವಿನ್ ಬ್ರೇವರ್‌ಮನ್ ವಿದ್ಯಾರ್ಥಿಗಳನ್ನು ಚಿತ್ರಕಲೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಅರ್ಥ ಹೇಳುವ ಮೊದಲು ಕಂಡದ್ದನ್ನಷ್ಟೇ ಹೇಳಿ ಎಂದು ತಾಕೀತು ಮಾಡಿದರು. ತೀರ್ಮಾನವನ್ನು ತಡೆಹಿಡಿಯುವ ಅಭ್ಯಾಸವದು. ವಾರ್ಡಿನ ಗಡಿಬಿಡಿಯಲ್ಲಿ ಅದು ಎಷ್ಟು ಉಳಿಯುತ್ತದೋ ನನಗೆ ಸಂದೇಹವಿದೆ.

ಇವೆಲ್ಲಕ್ಕಿಂತ ಚುರುಕು ಮುಟ್ಟಿಸುವ ಪ್ರಯೋಗವೆಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯದು, ವರದಿ 2002ರದು. ಎರಡನೆಯ ವರ್ಷದ ಕೆಲವು ಆರೋಗ್ಯವಂತ ವಿದ್ಯಾರ್ಥಿಗಳನ್ನು ನಟನೆಯ ಕಾಯಿಲೆಯೊಡನೆ ಒಂದು ಹಗಲು, ಒಂದು ರಾತ್ರಿಯ ಮಟ್ಟಿಗೆ ಆಸ್ಪತ್ರೆಗೆ ಸೇರಿಸಿದರು. ಖಾಸಗಿತನವೇ ಉಳಿಯಲಿಲ್ಲ ಎಂದು ಅವರು ಹೇಳಿದರು. ನರ್ಸ್‌ಗಳ ಆರೈಕೆಯನ್ನು ಮೆಚ್ಚಿದರು. ವೈದ್ಯರ ದೂರ, ತಣ್ಣನೆಯ ನಡವಳಿಕೆ ಅವರನ್ನು ದಂಗುಬಡಿಸಿತು. ಇನ್ನೆರಡು ವರ್ಷಗಳಲ್ಲಿ ತಾವೇ ಆಗಲಿದ್ದವರನ್ನು ಅವರು ಮಲಗಿಕೊಂಡು ನೋಡಿದ್ದರು.

ಕೊನೆಗೆ ಮಾತಿನ ಪಾಠ. ‘ಗೊತ್ತಿಲ್ಲ’ ಎಂದು ರೋಗಿಗೆ ಹೇಳುವುದೇ ಪ್ರಾಮಾಣಿಕತೆ ಎಂದು ಕೆಲವರು ಅಲ್ಲಿಗೇ ನಿಲ್ಲುತ್ತಾರೆ. ಬರೀ ಗೊತ್ತಿಲ್ಲ ಎಂದು ಎದ್ದುಹೋಗುವುದು ಕೈಬಿಟ್ಟಂತೆ. ಬ್ರಿಟನ್ನಿನ ಕುಟುಂಬ ವೈದ್ಯ ರಾಜರ್ ನೇಬರ್ 1987ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ನನ್ನ ಎಣಿಕೆ ಸರಿಯಾಗಿದ್ದರೆ ಮುಂದೇನಾಗುತ್ತದೆ? ತಪ್ಪಾಗಿದ್ದರೆ ಅದು ನನಗೆ ಹೇಗೆ ತಿಳಿಯುತ್ತದೆ? ಆಗ ನಾನು ಏನು ಮಾಡುತ್ತೇನೆ? ಈ ಮೂರಕ್ಕೂ ಉತ್ತರ ಇಟ್ಟುಕೊಂಡವನು ಹೊಟ್ಟೆನೋವಿನ ಆ ತಾಯಿಗೆ ಹೀಗೆ ಹೇಳಬಹುದು: "ಅಕ್ಕನ ವಿಷಯ ನಿಮ್ಮನ್ನು ಹೆದರಿಸುತ್ತಿದೆ ಅಲ್ಲವೇ ಅಮ್ಮಾ? ಇದು ಅದೇ ಎಂದಾಗಲಿ, ಅಲ್ಲ ಎಂದಾಗಲಿ ಈಗ ಹೇಳಲಾರೆ. ನೋಡಿದ ಮಟ್ಟಿಗೆ ಹುಣ್ಣು ಇರುವ ಸಾಧ್ಯತೆ ಹೆಚ್ಚು. ನಾಳೆ ಎಂಡೋಸ್ಕೋಪಿ ಮಾಡಿಸೋಣ. ಅದರಲ್ಲಿ ಏನು ಬಂದರೂ ನಾನೇ ಬಂದು ಹೇಳುತ್ತೇನೆ. ಅಷ್ಟರೊಳಗೆ ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಸರಿ, ಕೂಡಲೇ ಕರೆಯಿರಿ." ಇದರಲ್ಲಿ ಖಚಿತತೆ ಇಲ್ಲ. ಆದರೆ ಆಕೆ ಒಬ್ಬಳೇ ಇಲ್ಲ.

ಇಂಥ ಮಾತನ್ನು ಪರೀಕ್ಷೆಯಲ್ಲಿ ಅಳೆಯುವುದು ಮಾತ್ರ ಇನ್ನೂ ಬಗೆಹರಿಯದ ಕೆಲಸ. ಹವರ್ಡ್ ಬ್ಯಾರೋಸ್ 1963ರಲ್ಲಿ ಆರಂಭಿಸಿದ, ತರಬೇತಾದ ನಟರು ರೋಗಿಯ ಪಾತ್ರ ವಹಿಸುವ ಪದ್ಧತಿ ಈಗ ಎಲ್ಲೆಡೆ ಇದೆ. ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು. ಅಂಕಕ್ಕೆಂದು ಬಂದಾಗ, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎಂಬ ಬಾಯಿಪಾಠದ ಸಾಲಿಗೆ ಒಂದು ಟಿಕ್ ಬೀಳುತ್ತದೆ. ಅರ್ಥವಾಗಿದೆಯೇ ಎಂದು ಕೇಳುವವರಿಲ್ಲ. ಅನಿಶ್ಚಯದ ಕಡೆಯಿಂದ ಇದಕ್ಕಿಂತ ಜಾಣ ಪ್ರಯತ್ನ ನಡೆದಿದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಬರ್ನಾರ್ಡ್ ಶಾರ್ಲಾನ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯಲ್ಲಿ ಅಸ್ಪಷ್ಟವಾದ ಪ್ರಕರಣವೊಂದನ್ನು ಕೊಟ್ಟು, ಒಂದು ಹೊಸ ಮಾಹಿತಿ ಸೇರಿಸಿ, ನಿಮ್ಮ ಮೊದಲಿನ ಊಹೆ ಈಗ ಎಷ್ಟು ಬಲವಾಯಿತು, ಎಷ್ಟು ಸಡಿಲವಾಯಿತು ಎಂದು ಕೇಳುತ್ತಾರೆ. ಅದೇ ಪ್ರಶ್ನೆಗಳನ್ನು ಅನುಭವಿ ವೈದ್ಯರ ಒಂದು ಗುಂಪಿಗೂ ಕೊಟ್ಟಿರುತ್ತಾರೆ. ಅವರಲ್ಲಿ ಹೆಚ್ಚಿನವರು ಆರಿಸಿದ ಉತ್ತರಕ್ಕೆ ಪೂರ್ಣ ಅಂಕ, ಕೆಲವರು ಆರಿಸಿದ್ದಕ್ಕೆ ಅದರ ಪಾಲಿನಷ್ಟು ಅಂಕ. ಆ ಹಿರಿಯರೆಲ್ಲರೂ ಒಂದೇ ಉತ್ತರ ಕೊಟ್ಟ ಪ್ರಶ್ನೆಗೆ ಇಲ್ಲಿ ಬೆಲೆ ಕಡಿಮೆ. ಅದು ಮಾಹಿತಿಯನ್ನು ಅಳೆಯುತ್ತದೆ, ಅನಿಶ್ಚಯದಲ್ಲಿ ನಡೆಯುವ ವಿವೇಚನೆಯನ್ನಲ್ಲ.